ಹಿಂಡಿಗಿಂತ ಮೊದಲು ನನಗೆ ಸೂಜಿ

ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹುಡುಗರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಕುರಿ ಕಾಯುವ ಮನೆತನ ನಮ್ಮದು. ಅಪ್ಪ ಬೀರಪ್ಪನಿಗೆ ಸಹಿ ಮಾಡಲು ಬರುತ್ತದೆ, ಅವ್ವನಿಗೆ ಅದೂ ಬರುವುದಿಲ್ಲ. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಹುಮನಾಬಾದಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದೆ. ಹೀಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಯಾರಾದರೂ ಜಂಬ ಅಂದರೆ ಅನ್ನಲಿ. ಹಾಸ್ಟೆಲಿನಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಬಚ್ಚಲಮನೆಯಲ್ಲಿ ಕೂತು ಅತ್ತವಳಿಗೆ ಆ ಡಿಗ್ರಿಯ ತೂಕ ಗೊತ್ತಿರುತ್ತದೆ.

ಕೊರೊನಾ ಲಸಿಕೆ ಬಂದಾಗ ಆಸ್ಪತ್ರೆಯವರಿಗೆ ಮೊದಲು ಅಂದರು. ಹಾಗಾಗಿ ಓಣಿಯಲ್ಲಿ ಅದರಲ್ಲೂ ನಾನೇ ಮೊದಲಾದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅವನು ಸ್ವಲ್ಪ ಯೋಚಿಸಿ, "ಹಾಕ್ಸಿಕೋ. ಆಮ್ಯಾಲೆ ನೋಡೋಣ," ಅಂದ.

ಸೂಜಿ ಹಾಕಿದ್ದು ರೇಷ್ಮಾ ಆಪಾ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್. ಹಿಂದೂ ಮುಸ್ಲಿಂ ಅನ್ನದೆ ನಾವೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಅಂತಲೇ ಕರೆಯುತ್ತೇವೆ. ಅಂದು ರಾತ್ರಿ ತೋಳು ನೋವು, ಮೈ ಸ್ವಲ್ಪ ಬಿಸಿ, ಅಷ್ಟೇ. ಆದರೆ ಮರುದಿನದಿಂದ ಅಪ್ಪನ ಫೋನ್ ಶುರುವಾಯಿತು. ತಾನಾಗಿ ಎಂದೂ ಫೋನ್ ಮಾಡದ ಮನುಷ್ಯ.

"ಉಂಡಿ ಏನ?"

"ಉಂಡೀನಿ ಅಪ್ಪಾ."

"ಬಾಯಿಗೆ ರುಚಿ ಅದನ? ನಡಿವಾಗ ಕಾಲು ಸರಿ ಬೀಳಾಕತ್ತಾವ? ಕಣ್ಣಾಗ ನೀರು ಬರಾಕತ್ತದೇನ?"

ಒಂದು ದಿನ ನನಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ನಾ ಏನು ಕುರಿ ಏನು?"

"ಹೂಂ ಮತ್ತ," ಅಂದ ಅಪ್ಪ, ನಗದೆ. "ಓಣಿ ಮಂದಿ ಎಲ್ಲಾರೂ ನಿನ್ನ ಮ್ಯಾಲೆ ಕಣ್ಣಿಟ್ಟಾರ. ನೀ ಆರಾಮಿದ್ದಿ ಅಂದ್ರ ಎಲ್ಲಾರೂ ಹಾಕ್ಸಿಕೋತಾರ."

ಆಗ ನನಗೆ ತಿಳಿಯಿತು. ಪ್ರತಿ ವರ್ಷ ಮಳೆಗೆ ಮುಂಚೆ ಕುರಿಗಳಿಗೆ ಸೂಜಿ ಹಾಕಿಸುತ್ತಾರೆ. ಅಪ್ಪ ಎಂದೂ ಇಡೀ ಹಿಂಡಿಗೆ ಒಮ್ಮೆಲೇ ಹಾಕಿಸಿದವನಲ್ಲ. ಗಟ್ಟಿಮುಟ್ಟಾದ ಒಂದು ಕುರಿ ಆರಿಸಿ, ಅದೊಂದಕ್ಕೇ ಹಾಕಿಸಿ, ಬೇರೆ ಕಟ್ಟುತ್ತಾನೆ. ಮೇವು ತಿನ್ನುತ್ತದೋ, ತಲೆ ಇಳಿಬಿಡುತ್ತದೋ ಅಂತ ಕೆಲವು ದಿನ ನೋಡುತ್ತಾನೆ. ಆ ಕುರಿ ಸರಿಯಿದ್ದರೆ ಉಳಿದವಕ್ಕೆ. ಅಪ್ಪ ಕಟ್ಟಿದ ಆ ಒಂದು ಕುರಿಯನ್ನು ನೋಡಿಯೇ ಓಣಿಯ ಬೇರೆ ಹಿಂಡಿನವರೂ ತೀರ್ಮಾನ ಮಾಡುವುದು ರೂಢಿ. ಈ ಸಲ ಓಣಿಯವರು ಆರಿಸಿದ ಕುರಿ ನಾನಾಗಿದ್ದೆ.

ನನಗೆ ಸಿಟ್ಟು ಬರಲಿಲ್ಲ. ಹೆಮ್ಮೆಯೇ ಆಯಿತು. ಗಟ್ಟಿ ಕುರಿಯನ್ನೇ ತಾನೇ ಆರಿಸುವುದು!

ಎರಡನೇ ಡೋಸಿನ ಸರದಿ ಬರುವ ಮೊದಲೇ ನಾನು ಮಲಗಿಬಿಟ್ಟೆ.

ರೋಗ ಎಲ್ಲಿಂದ ಬಂತೋ ಹೇಳಲಾರೆ. ಆಗ ವಾರ್ಡು ತುಂಬಿ ಹೊರಗಿನ ಪಡಸಾಲೆಯಲ್ಲೂ ಮಂಚ ಹಾಕಿದ್ದರು. ಮೈತುಂಬ ಆ ಬಿಳಿ ಕಿಟ್ ಹಾಕಿಕೊಂಡರೆ ನೀರು ಕುಡಿಯುವಂತಿಲ್ಲ, ಬಚ್ಚಲಿಗೆ ಹೋಗುವಂತಿಲ್ಲ. ಕನ್ನಡಕದ ಒಳಗೆ ಬೆವರು ಇಳಿದು ಕಣ್ಣು ಉರಿಯುತ್ತಿತ್ತು. ಡ್ಯೂಟಿ ಮುಗಿದು ಕಿಟ್ ಬಿಚ್ಚುವಾಗ ಆಪಾ ಎದುರು ನಿಂತು ಒಂದೊಂದೇ ಹೇಳುತ್ತಿದ್ದರು: "ಜಲ್ದಿ ಮಾಡಬ್ಯಾಡ. ಹಾಕ್ಕೊಳ್ಳುವಾಗ ಅಲ್ಲ, ಬಿಚ್ಚುವಾಗ ರೋಗ ಬರ್ತದ. ಈಗ ಕೈ ತೊಳಿ. ಈಗ ಟೊಪ್ಪಿಗಿ. ಮತ್ತ ಕೈ ತೊಳಿ." ಆಪಾ ಹೇಳಿದಂತೆಯೇ ಮಾಡಿದ್ದೆ. ಎಲ್ಲ ಸರಿಯಾಗಿ ಮಾಡಿದವರಿಗೂ ಬಂದಿದೆ. ಇದನ್ನು ಓದುವ ನನ್ನಂಥ ಸಿಸ್ಟರ್‌ಗಳು ತಮ್ಮನ್ನೇ ಬೈದುಕೊಳ್ಳುವುದು ಬೇಡ ಅಂತ ಈ ಮಾತು ಬರೆದೆ.

ಗೊತ್ತಾದದ್ದು ಹೀಗೆ. ಹುಮನಾಬಾದಿನಲ್ಲಿ ಗಾಳಿ ತಿರುಗಿದರೆ ಕಾರ್ಖಾನೆಗಳ ಕಡೆಯಿಂದ ಔಷಧಿಯ ಘಾಟು ಊರೊಳಗೆ ಬರುತ್ತದೆ. ಅಂದು ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಆಪಾ ಮಾಸ್ಕಿನ ಮೇಲಿಂದ ಮೂಗಿಗೆ ಸೆರಗು ಒತ್ತಿಕೊಂಡು, "ಇವತ್ತ ವಾಸನಿ ಭಾಳ ಅದ ಅಲ್ಲ?" ಅಂದರು.

"ಯಾವ ವಾಸನಿ ಆಪಾ?"

ಆಪಾ ಸೆರಗು ಕೆಳಗಿಳಿಸಿ ನನ್ನನ್ನೇ ನೋಡಿದರು. ನಾನೂ ಅವರನ್ನು ನೋಡಿದೆ. ನಾನು ಒಳಗೆ ಹೋಗದೆ ಪರೀಕ್ಷೆಯ ಕೋಣೆಯ ಕಡೆ ತಿರುಗಿದೆ.

ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಎಷ್ಟೋ ಜನರನ್ನು ನಾನೇ ಕೂಡಿಸಿದ್ದೆ. "ಹೆದರಬ್ಯಾಡ್ರಿ, ಒಂದು ನಿಮಿಷದ ಕೆಲಸ," ಅಂತ ಹೇಳಿ ಮುಂದಿನವರನ್ನು ಕರೆಯುತ್ತಿದ್ದೆ. ಆ ಬೆಂಚು ಅಷ್ಟು ತಣ್ಣಗೆ ಇರುತ್ತದೆ ಅಂತ ಕೂತಾಗಲೇ ಗೊತ್ತಾಯಿತು. ಪಕ್ಕದಲ್ಲಿ ಹುಲಸೂರಿನ ಕಡೆಯ ಒಬ್ಬ ಮುದುಕಿ, ನನ್ನ ಬಿಳಿ ಕೋಟು ನೋಡಿ, "ನಿಮಗೂ ಬರ್ತದೇನವ್ವಾ?" ಅಂದಳು. "ಬರ್ತದಬೇ ಆಯಿ, ನಮಗೂ ಬರ್ತದ," ಅಂದೆ. ಯಾಕೋ ಆಕೆಗೆ ಅದರಿಂದ ಸಮಾಧಾನವಾಯಿತು. ಫಲಿತಾಂಶ ಹೇಳಲು ಬಂದ ಲ್ಯಾಬಿನವನು, ದಿನಾ ನನ್ನನ್ನು "ಸಿಸ್ಟರ್" ಅನ್ನುತ್ತಿದ್ದವನು, ಅಂದು "ಸುನೀತಾ ಬೀರಪ್ಪ ಯಾರ್ರಿ?" ಅಂತ ಕೂಗಿದ. ನಾನು ಕೈ ಎತ್ತಿದೆ.

ರೂಮಿನಲ್ಲಿ ಒಬ್ಬಳೇ ಇದ್ದೆ. ಊರಿಗೆ ಹೋಗುವಂತಿಲ್ಲ, ಯಾರನ್ನೂ ಹತ್ತಿರ ಸೇರಿಸುವಂತಿಲ್ಲ. ಜ್ವರ ಇಳಿಯಲಿಲ್ಲ. ಕೂದಲು ಬಾಚಿಕೊಂಡರೂ ಏದುಸಿರು ಬರತೊಡಗಿದ ಮೇಲೆ ನನ್ನದೇ ವಾರ್ಡಿಗೆ ರೋಗಿಯಾಗಿ ಸೇರಿದೆ.

ಬೇರೆಯವರಿಗೆ ಮಂಚದ ಪಕ್ಕದ ಯಂತ್ರದ ಸದ್ದು ಬರೀ ಸದ್ದು. ನನಗೆ ಯಾವ ಸದ್ದಿಗೆ ಏನು ಅರ್ಥ ಅಂತ ಗೊತ್ತು. ಪರದೆಯ ಮೇಲಿನ ಆಕ್ಸಿಜನ್ ಸಂಖ್ಯೆ ಒಂದೊಂದು ಇಳಿದಾಗಲೂ ಮುಂದೆ ಏನು ಮಾಡುತ್ತಾರೆ, ಅದಾದ ಮೇಲೆ ಏನು, ಅದೂ ಆಗದಿದ್ದರೆ ಏನು ಎಂದು ಮನಸ್ಸು ತಾನೇ ಮುಂದಕ್ಕೆ ಓಡುತ್ತಿತ್ತು. ಓದಿದ್ದು ಹೆಚ್ಚಾಯಿತು ಅಂತ ನನಗನ್ನಿಸಿದ್ದು ಜೀವನದಲ್ಲಿ ಆಗ ಮಾತ್ರ. ನಾನು ಕತ್ತು ಹೊರಳಿಸಿ ಪರದೆ ನೋಡುವುದನ್ನು ಆಪಾ ಗಮನಿಸಿದರು. ಬಂದವರೇ ಯಂತ್ರದ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟರು.

"ಇಲ್ಲಿ ನೀ ಪೇಷಂಟ್. ಡ್ಯೂಟಿ ಮಾಡಬ್ಯಾಡ. ಬೋರಲ ಮಲಗು."

ಕಿಟ್ಟಿನೊಳಗೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಮೈಮೇಲೆ ಮಾತ್ರ ಕೈಗಳು ಓಡಾಡುತ್ತವೆ, ಮುಖಗಳಿರುವುದಿಲ್ಲ. ಡ್ಯೂಟಿ ಮುಗಿದು ಕಿಟ್ ಬಿಚ್ಚಿ ಸ್ನಾನ ಮಾಡಿದ ಮೇಲೆ ಆಪಾ ಸೀದಾ ಮನೆಗೆ ಹೋಗುತ್ತಿರಲಿಲ್ಲ. ವಾರ್ಡಿನ ಗಾಜಿನ ಬಾಗಿಲ ಆಚೆ ಬಂದು ದೂರ ನಿಂತು, ಒಂದು ಗಳಿಗೆ ಮಾಸ್ಕ್ ಕೆಳಗಿಳಿಸಿ ಮುಖ ತೋರಿಸಿ ಹೋಗುತ್ತಿದ್ದರು. ಮಾತಿಲ್ಲ, ಕೈಸನ್ನೆಯಿಲ್ಲ. ದಿನಕ್ಕೊಂದು ಮನುಷ್ಯ ಮುಖ. ಔಷಧಿಯ ಜೊತೆಗೆ ಅದೂ ನನ್ನನ್ನು ಉಳಿಸಿತು ಎಂದೇ ನಾನು ನಂಬಿದ್ದೇನೆ.

ಅಪ್ಪ ಬಂದಿದ್ದ. ಹಿಂಡನ್ನು ಪಕ್ಕದವರಿಗೆ ಒಪ್ಪಿಸಿ, ಕಂಬಳಿ, ರೊಟ್ಟಿಗಂಟು ಹೊತ್ತು ಬಸ್ಸಿಗೆ ಬಂದು ಗೇಟಿನ ಹೊರಗೆ ನಿಂತಿದ್ದ. ಒಳಗೆ ಬಿಡಲಿಲ್ಲ. ಬಿಡಬಾರದು ಅಂತ ನಿಯಮ. ನಾನೇ ಎಷ್ಟೋ ಅಪ್ಪಂದಿರಿಗೆ ಅದನ್ನು ಹೇಳಿ ಹಿಂದೆ ಕಳಿಸಿದವಳು. ಅಲ್ಲಿಂದಲೇ ಫೋನ್ ಮಾಡಿದ.

"ಸುನಿ, ಮಾತಾಡಬ್ಯಾಡ. ಬರೇ ಹೂಂ ಅನ್ನು."

"ಹೂಂ."

"ರೊಟ್ಟಿ ತಂದೀನಿ. ತಗೋಳಾಕತ್ತಿಲ್ಲ ಇವ್ರು."

"ಹೂಂ."

ಆಮೇಲೆ ಫೋನಿನಲ್ಲಿ ಬರೀ ಲಾರಿಗಳ ಸದ್ದು ಕೇಳುತ್ತಿತ್ತು. ಕೊನೆಗೆ ಅಂದ: "ಮಾಳಪ್ಪ ಏನಂದ ಗೊತ್ತದನು? 'ಬೀರಪ್ಪಾ, ಕಟ್ಟಿದ ಕುರಿ ಬಿತ್ತಲ್ಲೋ' ಅಂದ. ಓಣ್ಯಾಗ ಯಾರೂ ಸೂಜಿ ಹಾಕ್ಸಿಕೊಳ್ಳಂಗಿಲ್ಲ ಅಂತ ಆಗ್ಯಾದ."

ಮಾಳಪ್ಪ ಕಾಕಾ ಅಪ್ಪನ ಚಿಕ್ಕಪ್ಪನ ಮಗ, ಓಣಿಯ ದೊಡ್ಡ ಹಿಂಡಿನವನು.

ನಾನು ಮಾಸ್ಕ್ ಸರಿಸಿ ಕೇಳಿದೆ: "ಮತ್ತ ನೀ?"

ಅಪ್ಪ ಕೆಮ್ಮಿದ. ಬೀಡಿಯ ಕೆಮ್ಮು, ಸಣ್ಣವಳಿದ್ದಾಗಿನಿಂದ ಕೇಳಿದ್ದೇ. ಆದರೆ ಅಂಥ ಎದೆಗೆ ಈ ರೋಗ ಹೊಕ್ಕರೆ ಏನಾಗುತ್ತದೆ ಅನ್ನುವುದನ್ನು ಆ ವಾರ್ಡಿನಲ್ಲೇ ನಿಂತು ನೋಡಿದ್ದೆ. ನನ್ನ ಎಡಗಡೆಯ ಮಂಚದಲ್ಲಿ ಅಪ್ಪನ ವಯಸ್ಸಿನವನೊಬ್ಬ ಇದ್ದ, ಹಿಂದಿನ ದಿನವಷ್ಟೇ ಆ ಮಂಚ ಖಾಲಿಯಾಗಿತ್ತು. ಮಳೆ ಬಿದ್ದು ಬಿತ್ತನೆಯಾದರೆ ಹೊಲದಲ್ಲಿ ಕುರಿಗೆ ಜಾಗವಿರುವುದಿಲ್ಲ. ಎಲ್ಲರೂ ಗುಡ್ಡದ ಕಡೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ದವಾಖಾನೆಯಿಲ್ಲ, ಫೋನೂ ಸಿಗುವುದಿಲ್ಲ. ಅಪ್ಪ ಸೂಜಿ ಇಲ್ಲದೆ ಹೋಗುತ್ತಾನೆ, ಅದೂ ನನ್ನನ್ನು ನೋಡಿಯೇ. ಅಂದಿನಿಂದ ನನ್ನ ಹೆದರಿಕೆ ನನ್ನ ಬಗ್ಗೆ ಉಳಿಯಲಿಲ್ಲ.

"ನೀ ಮೊದಲ ಎದ್ದು ಬಾ," ಅಂದು ಅಪ್ಪ ಫೋನ್ ಇಟ್ಟ.

ಎದ್ದು ಬಂದೆ. ಗೋಡೆ ಹಿಡಿದು ನಡೆಯುವಷ್ಟು ಆದ ಮೇಲೆ ಮನೆಗೆ ಕಳಿಸಿದರು. ಅವ್ವ ಬಾಗಿಲಲ್ಲೇ ನನ್ನ ಕೆನ್ನೆ, ತೋಳು ಮುಟ್ಟಿ ನೋಡಿ, "ಎಲುಬೇ ಉಳದಾವ" ಅಂತ ಅತ್ತು, ಸೂಜಿಯವರಿಗೆ ಶಾಪ ಶುರು ಮಾಡಿದಳು. "ನಿನಗ ಸೂಜಿ ಹಾಕಿದ ಕೈ ಸೇದಿಹೋಗ್ಲಿ!"

"ಅವ್ವಾ, ಅದು ರೇಷ್ಮಾ ಆಪಾನ ಕೈ. ಹಗಲೂ ರಾತ್ರಿ ನನ್ನ ನೋಡಿಕೊಂಡಾಕಿ ಆಕೀನೇ."

ಅವ್ವ ಕಣ್ಣೊರೆಸಿಕೊಂಡಳು. "ಹಂಗಿದ್ರ ಆಕಿ ಕೈ ತಂಪಾಗಿರ್ಲಿ. ಆ ಸೂಜಿ ಕಳಿಸಿದವರ ಕೈ ಸೇದಿಹೋಗ್ಲಿ."

ಓಣಿಯವರು ದೂರದಿಂದಲೇ ನೋಡಿ ಹೋಗುತ್ತಿದ್ದರು. ನಾನು ಬದುಕಿದ್ದಕ್ಕೆ ಎಲ್ಲರಿಗೂ ಖುಷಿಯೇ. ಆದರೆ ಬಿದ್ದ ಕುರಿ ಎದ್ದು ನಿಂತರೂ ಬಿದ್ದದ್ದು ಬಿದ್ದದ್ದೇ.

ಡ್ಯೂಟಿಗೆ ಮರಳಿದ ಮೇಲೆ ಹಳ್ಳಿಗಳಿಗೆ ಹೋಗುವ ಲಸಿಕೆ ತಂಡಕ್ಕೆ ನನ್ನನ್ನೂ ಸೇರಿಸಿದರು. ಒಂದು ದಿನ ನಮ್ಮ ಊರಿನದೇ ಸರದಿ. ಶಾಲೆಯಲ್ಲಿ ಮೇಜು ಹಾಕಿ, ಔಷಧಿಯ ತಣ್ಣನೆ ಡಬ್ಬಿ ಇಟ್ಟುಕೊಂಡು ನಾನು, ಆಪಾ ಕೂತೆವು. ಬೇರೆ ಓಣಿಗಳಿಂದ ಒಬ್ಬೊಬ್ಬರು ಬಂದರು. ನಮ್ಮ ಓಣಿಯ ಗಂಡಸರು ಬಂದದ್ದು ಸೂಜಿಗಲ್ಲ, ನೋಡಲಿಕ್ಕೆ. ಮಾಳಪ್ಪ ಕಾಕಾ ಮುಂದೆ ನಿಂತಿದ್ದ.

"ನರ್ಸಬಾಯಿ, ನಿಂದು ಎರಡನೇದು ಆಯ್ತೇನು?"

"ಇಲ್ಲ ಕಾಕಾ. ರೋಗ ಬಂದು ಹೋದವರು ಕೆಲವು ತಿಂಗಳು ಕಾಯಬೇಕಂತ ನಿಯಮ ಅದ."

"ನೋಡ್ರೋ!" ಕಾಕಾ ಹಿಂದಿರುಗಿ ಎಲ್ಲರಿಗೂ ಹೇಳಿದ. "ತಾ ಹಾಕ್ಸಿಕೊಳ್ಳಂಗಿಲ್ಲಂತ, ನಮಗ ಹಾಕ್ತಾಳಂತ. ಈಗ ನಮ್ಮ ಮುಂದ ಹಾಕ್ಸಿಕೋ, ನಾನೇ ಮೊದಲ ತೋಳು ಕೊಡ್ತೀನಿ."

ಊರಿನ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದರು. ಒಳ್ಳೆಯ ಮನುಷ್ಯರೇ. "ತಂಗೀ, ಬರೇ ನೀರಿನ ಸೂಜಿ ಚುಚ್ಚಿಸಿಕೊಂಡು ಬಿಡು. ಮಂದಿಗೆ ಧೈರ್ಯ ಬರ್ತದ. ಯಾರಿಗೆ ಗೊತ್ತಾಗ್ತದ?"

ನನಗೆ ಆಸೆಯಾಯಿತು. ಅಪ್ಪ ಬೇಲಿಯ ಹತ್ತಿರ ನಿಂತಿದ್ದ. ಒಂದು ಸುಳ್ಳು ಚುಚ್ಚಿಸಿಕೊಂಡರೆ ಸಂಜೆಯೊಳಗೆ ಅವನ ತೋಳಿಗೂ ಔಷಧಿ ಸೇರುತ್ತಿತ್ತು. ಆದರೆ ಈ ಕೋಟು ಹಾಕಿಕೊಂಡು ಆ ಕೆಲಸ ನನ್ನಿಂದ ಆಗಲಿಲ್ಲ. "ನನಗ ಗೊತ್ತಾಗ್ತದರಿ," ಅಂದೆ. ಕಾಕಾನಿಗೂ ಎಲ್ಲರೆದುರಿಗೆ ಹೇಳಿದೆ: "ನಿಯಮ ನಿಮಗೊಂದು ನನಗೊಂದು ಇಲ್ಲ ಕಾಕಾ. ನನ್ನ ದಿನ ಬಂದಾಗ ಹಾಕ್ಸಿಕೋತೀನಿ." ಎಲ್ಲರೂ ನಗುತ್ತಾ ಹೋದರು. ಅಪ್ಪನೂ ಹೋದ. ಅಂದು ಡಬ್ಬಿ ಮುಚ್ಚುವಾಗ ಆಪಾ ನನ್ನ ಬೆನ್ನು ತಟ್ಟಿದರು.

ಕೆಲವು ದಿನಗಳ ಮೇಲೆ ರಜೆಗೆ ಊರಿಗೆ ಹೋದಾಗ ಅಪ್ಪ ಕುರಿಗಳ ದಡ್ಡಿಯಲ್ಲಿದ್ದ. ಪಶು ಆಸ್ಪತ್ರೆಯವರು ಬಂದು ಹೋಗಿದ್ದರು. ಯಥಾಪ್ರಕಾರ ಒಂದೇ ಕುರಿಗೆ ಸೂಜಿ. ಅದನ್ನು ದಡ್ಡಿಯಿಂದ ದೂರ, ಜಾಲಿ ಗಿಡದ ಕೆಳಗೆ ಕಟ್ಟಿದ್ದ. ನಾನು ಕಲ್ಲಿನ ಮೇಲೆ ಕೂತೆ.

"ಅಪ್ಪಾ, ಪಕ್ಕದೂರಿನ ಹಿಂಡಿಗೆ ಜಡ್ಡು ಬಂದದ ಅಂದಿದ್ದಿಯಲ್ಲ. ಈ ಕುರಿನ ಆ ಹಿಂಡಿನ್ಯಾಗ ಯಾಕ ಬಿಡಲಿಲ್ಲ?"

ಅಪ್ಪ ನನ್ನನ್ನು ಹುಚ್ಚಿಯಂತೆ ನೋಡಿದ. "ಜಡ್ಡಿನ ಹಿಂಡಿನ್ಯಾಗ ಬಿಟ್ರ ಬಿದ್ದದ್ದು ಸೂಜಿಗೋ ಜಡ್ಡಿಗೋ ಹ್ಯಾಂಗ ತಿಳಿಬೇಕು? ಅದಕ್ಕ ಬ್ಯಾರೆ ಕಟ್ಟೋದು."

"ಮತ್ತ ನನ್ನ ಎಲ್ಲಿ ಕಟ್ಟಿದ್ರಿ?"

ಅಪ್ಪ ಬೀಡಿ ತೆಗೆದವನು ಹಚ್ಚಲಿಲ್ಲ. ಜಾಲಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಕಾಲೇಜಿನಲ್ಲಿ ಕಲಿತದ್ದನ್ನು ಹೇಳಬಹುದಿತ್ತು. ಆದರೆ ಅಪ್ಪ ಹೇಳಿದಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ತೊಳೆದ ಅಂಗಿ ಹಾಕಿಕೊಂಡು ನಿಂತಿದ್ದ. "ನಡಿ, ಕಲ್ಯಾಣಕ್ಕ ಹೋಗೋಣ."

"ಬಸವಕಲ್ಯಾಣಕ್ಕ ಯಾಕ? ನಮ್ಮ ದವಾಖಾನಿ ಹುಮನಾಬಾದದಾಗ ಅದಲ್ಲ."

"ನಿನ್ನ ದವಾಖಾನ್ಯಾಗ ಬ್ಯಾಡ. ಮಗಳು ಅಪ್ಪಗ ನೀರಿನ ಸೂಜಿ ಹಾಕ್ಯಾಳ ಅಂತಾರ. ಯಾರೂ ಗುರ್ತಿಲ್ಲದ ಕಡಿ ಹಾಕ್ಸಿಕೋತೀನಿ. ಮಾಡೋದು ಮಾಡಿದ ಮ್ಯಾಲೆ ನೆಟ್ಟಗ ಮಾಡಬೇಕು."

ಬಸವಕಲ್ಯಾಣದ ಆಸ್ಪತ್ರೆಯಲ್ಲಿ ನಾನು ಸಿಸ್ಟರ್ ಅಂತ ಹೇಳಿಕೊಳ್ಳಲಿಲ್ಲ. ಸಾಲಿನಲ್ಲಿ ನಿಂತೆವು. ಸೂಜಿ ಒಳಗೆ ಹೋಗುವಾಗ ಅಪ್ಪ ಕಣ್ಣು ಮುಚ್ಚಲಿಲ್ಲ, ಸೀಸೆಯಿಂದ ಎಳೆದಲ್ಲಿಂದ ತೋಳಿಗೆ ಹೋಗುವವರೆಗೆ ಪೂರ್ತಿ ನೋಡಿದ. "ಖರೇ ಔಷಧ ಅದ," ಅಂದ, ಅಲ್ಲಿದ್ದ ಸಿಸ್ಟರ್‌ಗೆ ನಗು ಬಂತು. ಅರ್ಧ ಗಂಟೆ ಬೆಂಚಿನ ಮೇಲೆ ಅವನ ಪಕ್ಕ ಕೂತೆ. ಆಸ್ಪತ್ರೆಯ ಬೆಂಚೊಂದರ ಮೇಲೆ ನಾನು ಅಷ್ಟು ಆರಾಮಾಗಿ ಕೂತದ್ದು ಅದೇ ಮೊದಲು.

ಊರಿಗೆ ಮರಳಿ ಅಪ್ಪ ಮನೆಗೆ ಬರಲಿಲ್ಲ. ದಡ್ಡಿಯಿಂದ ದೂರ ಆ ಜಾಲಿಯ ಕೆಳಗೆ ಕಂಬಳಿ ಹಾಸಿದ. "ಯಾರೂ ಹತ್ತಿರ ಬರಬ್ಯಾಡ್ರಿ. ರೊಟ್ಟಿ ಆ ಕಲ್ಲಿನ ಮ್ಯಾಲೆ ಇಡ್ರಿ." ಅವ್ವ ಹಣೆ ಚಚ್ಚಿಕೊಂಡಳು. ಓಣಿಯವರು ನೋಡತೊಡಗಿದರು. ಮಾಳಪ್ಪ ಕಾಕಾನಿಗಂತೂ ದಿನಾ ಅದೇ ದಾರಿಯಲ್ಲಿ ಏನಾದರೊಂದು ಕೆಲಸ ಬರುತ್ತಿತ್ತು. ಎರಡನೇ ದಿನ ಜ್ವರ ಬಂತು. ಮುಚ್ಚಿಡಬಹುದಿತ್ತು. ಅಪ್ಪ ಕಾಕಾನನ್ನು ತಾನೇ ಕೂಗಿ ಹೇಳಿದನಂತೆ: "ಮಾಳ್ಯಾ, ಜ್ವರ ಬಂದಾವ ನೋಡು. ಬರೆದಿಟ್ಟುಕೋ." ಮರುದಿನ ಮತ್ತೆ ಕೂಗಿದ: "ಹೋದ್ವು. ಇವತ್ತ ಮೂರು ರೊಟ್ಟಿ ಉಂಡೀನಿ."

ಗುಡ್ಡಕ್ಕೆ ಹೊರಡುವ ಮುಂಚೆ ಕಾಕಾನೇ ಫೋನ್ ಮಾಡಿದ. "ಸುನೀ, ಆ ಡಬ್ಬಿ ತಗೊಂಡು ಹೊಲಕ್ಕೇ ಬಾ. ನಾವು ಹಿಂಡು ಬಿಟ್ಟು ಊರಾಗ ಬರಾಕ ಆಗಂಗಿಲ್ಲ. ನಿನ್ನ ಕೈಲೇ ಆಗ್ಲಿ."

ಅನುಮತಿ ತೆಗೆದುಕೊಂಡು ನಾನು, ಆಪಾ ಹೋದೆವು. ಓಣಿಯ ಕುರಿಗಾರರೆಲ್ಲ ಬಂದಿದ್ದರು. ಒಬ್ಬೊಬ್ಬರದೂ ತೋಳು ಒರೆಸಿ ಸೂಜಿ ಹಾಕಿದೆ. ಕೋಲು ಹಿಡಿದು ಹಿಡಿದು ಕಲ್ಲಾದ ತೋಳುಗಳು. ಕಾಕಾ ಮುಖ ಆಚೆ ತಿರುಗಿಸಿ, "ಆಯ್ತೇನು?" ಅಂದ. "ಯಾವಾಗೋ ಆಯ್ತು ಕಾಕಾ," ಅಂದೆ. "ಅರ್ಧ ಗಂಟಿ ಇಲ್ಲೇ ಕೂಡ್ರಿ. ಯಾರೂ ಏಳಂಗಿಲ್ಲ."

ಎಲ್ಲರೂ ಬದುವಿನ ಮೇಲೆ ಸಾಲಾಗಿ ಕೂತರು. ಆಪಾ ಅವರ ಮೇಲೆ ಕಣ್ಣಿಟ್ಟು ಎದುರಿಗೆ ಕೂತರು. ಅಷ್ಟೂ ಹಿಂಡು ಕಾಯಲು ಅಪ್ಪ ಒಬ್ಬನೇ. ಸ್ವಲ್ಪ ಹೊತ್ತಿಗೆ ಕಾಕಾನ ಟಗರು ತಲೆ ಎತ್ತಿ, ಆಗಷ್ಟೇ ಮೊಳಕೆಯೊಡೆದ ಯಾರದೋ ಹೆಸರುಕಾಳಿನ ಹೊಲದ ಕಡೆ ಹೊರಟಿತು. ಅದರ ಹಿಂದೆ ನೂರಾರು ಕುರಿ. ಅಪ್ಪ ಒಂದು ಬದಿಗೆ ಓಡಿದ. ಇನ್ನೊಂದು ಬದಿಗೆ ಯಾರೂ ಇರಲಿಲ್ಲ. ಕುರಿಗಾರರು ಎಲ್ಲರೂ ಒಮ್ಮೆಲೇ ಎದ್ದರು.

"ಕೂಡ್ರಿ!" ಅಂದೆ. ಕೋಟು ಸೊಂಟಕ್ಕೆ ಸಿಕ್ಕಿಸಿ, ಕಾಕಾನ ಕೋಲು ಕಸಿದುಕೊಂಡು ಓಡಿದೆ. ಮಾಸ್ಕಿನೊಳಗಿಂದ ಕೂಗಿದರೆ ಒಂದು ಕುರಿಯೂ ಕೇಳಲಿಲ್ಲ. ಹಿಂದಿನಿಂದ ಎಲ್ಲರೂ ಕೂಗತೊಡಗಿದರು.

"ಎಡಕ್ಕ ಹಾಯಿ, ಎಡಕ್ಕ!"

"ಟಗರಿನ ಮುಂದ ಹೋಗಬ್ಯಾಡಬೇ, ಹಾಯ್ತದ!"

"ಬಿ.ಎಸ್ಸಿ. ಮಾಡ್ಯಾಳ, ಟಗರಿಗೂ ಒಂದು ಸೂಜಿ ಹಾಕಂತ ಹೇಳ್ರೋ!"

ನನ್ನ ಶ್ವಾಸ ಹೇಗಿದೆ ಅಂತ ನೆನಪಾದದ್ದು ಹೊಲದ ಅಂಚು ಮುಟ್ಟಿದ ಮೇಲೆ. ಗೋಡೆ ಹಿಡಿದು ನಡೆದವಳು ಓಡಿ ಬಂದಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಗಾಳಿ ಒಳಗೆ ಪೂರ್ತಿ ಹೋಗುತ್ತಿತ್ತು. ಕೋಲು ಅಡ್ಡ ಹಿಡಿದು ನಿಂತೆ. ಟಗರು ನನ್ನನ್ನು ನೋಡಿತು, ತಿರುಗಿತು, ಹಿಂಡೂ ತಿರುಗಿತು.

ಅತ್ತ ಮಾಳಪ್ಪ ಕಾಕಾ ತಡೆಯಲಾರದೆ ಮತ್ತೆ ಎದ್ದು ನಿಂತಿದ್ದ. ಹಿಂಡಿನ ಆಚೆ ಬದಿಯಿಂದ ಅಪ್ಪ ಗುಡ್ಡಕ್ಕೆ ಕೇಳುವಂತೆ ಕೂಗಿದ:

"ಏ ಮಾಳ್ಯಾ, ಕೂಡು! ಸಿಸ್ಟರ್ ಹೇಳ್ಯಾರ, ಅರ್ಧ ಗಂಟಿ ಅಂತ. ಅವರು ಹೇಳೋ ತನಕ ಏಳಬ್ಯಾಡ!"

ಕಾಕಾ ಕೂತ.